ಎಣಿಕೆ ಕಲಿಸಲು ಕಡ್ಡಿಕಟ್ಟು, ಮಣಿಸರ, ಅಬ್ಯಾಕಸ್: ಯಾವುದು ಯಾವಾಗ?

ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ. ಖರ್ಚಿನಲ್ಲಿ ತೆಂಗಿನಗರಿಯ ಕಡ್ಡಿಗಳಿಗೆ ಸಮನಾದುದಿಲ್ಲ. ಮುರಿದರೆ ಮರುದಿನವೇ ಬೇರೆ ಸಿಗುತ್ತವೆ. ನೂರು ಮಣಿಗಳ ಸರವನ್ನು ಗಟ್ಟಿ ದಾರದಲ್ಲಿ ಪೋಣಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಅಬ್ಯಾಕಸ್ಸನ್ನು, ಅಂದರೆ ಕಂಬಿಗಳಲ್ಲಿ ಮಣಿಗಳಿರುವ ಎಣಿಕೆಯ ಚೌಕಟ್ಟನ್ನು, ಸಾಮಾನ್ಯವಾಗಿ ಕೊಂಡೇ ತರಬೇಕು.

ನಿಜವಾದ ವ್ಯತ್ಯಾಸವಿರುವುದು ಅವು ಕಲಿಸುವ ವಿಷಯದಲ್ಲಿ. ಹತ್ತು ಕಡ್ಡಿಗಳನ್ನು ತಾನೇ ಎಣಿಸಿ ಕಟ್ಟಿದ ಮಗು, 42ರಿಂದ 17ನ್ನು ಕಳೆಯುವಾಗ ಒಂದು ಕಟ್ಟನ್ನು ಬಿಚ್ಚಿ ಬಿಡಿಗಳನ್ನು ಪಡೆಯುವುದರಿಂದ, ‘ದಶಕ ತರುವುದು’ ಎಂಬ ಮಾತು ಅದಕ್ಕೆ ಬರಿಯ ಬಾಯಿಪಾಠವಾಗಿ ಉಳಿಯುವುದಿಲ್ಲ. ಹತ್ತು ಹತ್ತಕ್ಕೆ ಬಣ್ಣ ಬದಲಾಗುವ ಮಣಿಸರದಲ್ಲಾದರೋ 38 ಎಂಬುದು 40ಕ್ಕೆ ಎಷ್ಟು ಹತ್ತಿರವೆಂದು ಕಣ್ಣಿಗೇ ಕಾಣುತ್ತದೆ. ಹಿಂದಿನ–ಮುಂದಿನ ಸಂಖ್ಯೆ, ಅಂದಾಜು, ಎರಡೆರಡಾಗಿ ಎಣಿಸುವುದು ಇವುಗಳಿಗೆ ನಾನು ಅದನ್ನೇ ಆರಿಸುತ್ತೇನೆ. ಅಬ್ಯಾಕಸ್ಸಿನಲ್ಲಿ ಹತ್ತರ ಕಂಬಿಯ ಒಂದೇ ಮಣಿ ಹತ್ತು ಬಿಡಿಗಳಿಗೆ ಬದಲಾಗಿ ನಿಲ್ಲುತ್ತದೆ. ಕಟ್ಟು ಕಟ್ಟಿ ಅಭ್ಯಾಸವಿಲ್ಲದ ಮಗುವಿಗೆ ಇದು ಒಗಟು, ಅಭ್ಯಾಸವಿರುವ ಮಗುವಿಗೆ 305ರ ನಡುವಿನ ಸೊನ್ನೆಯನ್ನು ಖಾಲಿ ಕಂಬಿಯಾಗಿ ತೋರಿಸುವ ಉತ್ತಮ ಸಾಧನ.

ದೊಡ್ಡ ತರಗತಿಯಲ್ಲಿ ಎಲ್ಲರ ಕೈಗೂ ಸಾಮಗ್ರಿ ಸಿಗಬೇಕಾದರೆ ಕಡ್ಡಿಯೇ ಅನುಕೂಲ. ಗೋಡೆಗೆ ಕಟ್ಟಿ ಎಲ್ಲರಿಗೂ ಒಟ್ಟಿಗೆ ತೋರಿಸುವುದಾದರೆ ಮಣಿಸರ. ಮೂರಂಕಿ ಸಂಖ್ಯೆಗಳು ಬರುವವರೆಗೆ ಅಬ್ಯಾಕಸ್ಸಿಗೆ ಅವಸರಪಡಬೇಕಿಲ್ಲ.