ತಿಂಗಳ ಮೇಂಟೆನೆನ್ಸ್ ನೋಡಿ ಫ್ಲ್ಯಾಟ್ ಕೊಳ್ಳುವವರ ಗಮನಕ್ಕೆ

ತಾವು ಬಾಡಿಗೆಗಿರುವ ಅಪಾರ್ಟ್‌ಮೆಂಟಿನಲ್ಲಿಯೇ ಒಂದು ಫ್ಲ್ಯಾಟ್ ಮಾರಾಟಕ್ಕೆ ಬಂದರೆ ಅದನ್ನು ಕೊಳ್ಳುವುದೇ ಸುರಕ್ಷಿತವೆಂಬ ನಂಬಿಕೆ ಬೆಂಗಳೂರಿನಲ್ಲಿ ಹಲವರಿಗಿದೆ. ನೀರಿನ ಪಾಡೇನು, ಲಿಫ್ಟ್ ಎಷ್ಟು ಸಲ ಕೆಡುತ್ತದೆ, ನೆರೆಹೊರೆಯವರು ಎಂಥವರು ಎಂಬುದೆಲ್ಲ ಅಲ್ಲಿ ವಾಸವಿದ್ದವರಿಗೆ ತಿಳಿದಿರುತ್ತದೆ, ನಿಜ. ಆದರೆ ಮಾಲೀಕರ ಸಂಘದ ಹಣಕಾಸು ಬಾಡಿಗೆದಾರರಿಗೆ ತಿಳಿಯುವ ದಾರಿಯೇ ಇಲ್ಲ. ಸರ್ವಸದಸ್ಯರ ಸಭೆಗೆ ಅವರನ್ನು ಕರೆಯುವುದಿಲ್ಲ, ಲೆಕ್ಕಪತ್ರವನ್ನು ಅವರಿಗೆ ಕಳುಹಿಸುವುದೂ ಇಲ್ಲ. ನಮ್ಮ ಕುಟುಂಬಕ್ಕೆ ಪೆಟ್ಟು ಬಿದ್ದದ್ದು ಅಲ್ಲಿಯೇ.

ವರ್ತೂರಿನ ಕಡೆಯ ಒಂದು ಸಮುಚ್ಚಯದಲ್ಲಿ ಮೇಂಟೆನೆನ್ಸ್ ಸೇರಿ ತಿಂಗಳಿಗೆ 32,000 ರೂಪಾಯಿ ಬಾಡಿಗೆ ಕೊಟ್ಟು ನಾವು ವಾಸವಾಗಿದ್ದೆವು. ಅದೇ ಸಮುಚ್ಚಯದಲ್ಲಿ 1,450 ಚದರ ಅಡಿ ಸೂಪರ್ ಬಿಲ್ಟ್‌ಅಪ್ (ಸಾಮಾನ್ಯ ಪ್ರದೇಶಗಳ ಪಾಲೂ ಸೇರಿದ) ವಿಸ್ತೀರ್ಣದ ಫ್ಲ್ಯಾಟನ್ನು 85 ಲಕ್ಷಕ್ಕೆ ಕೊಂಡೆವು. ಮೇಂಟೆನೆನ್ಸ್ ಚದರ ಅಡಿಗೆ 4 ರೂಪಾಯಿ, ಅಂದರೆ ತಿಂಗಳಿಗೆ 5,800 ಎಂದು ಮಾರುವವರೂ ದಲ್ಲಾಳಿಯೂ ಹೇಳಿದ್ದರು. ಆ ದಿನದ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಅವರು ಹೇಳದೆ ಉಳಿಸಿಕೊಂಡದ್ದೇನೆಂದರೆ, ಹೊಸ ಆರ್ಥಿಕ ವರ್ಷದಿಂದ ಆ ದರವನ್ನು 6.50ಕ್ಕೆ ಏರಿಸುವ ನಿರ್ಣಯವೂ, ತ್ಯಾಜ್ಯನೀರು ಶುದ್ಧೀಕರಣ ಘಟಕದ ದುರಸ್ತಿಗೆ ಮತ್ತು ಹೊರಗೋಡೆಗಳ ಬಣ್ಣಕ್ಕೆಂದು ಚದರ ಅಡಿಗೆ 120 ರೂಪಾಯಿ ವಿಶೇಷ ವಂತಿಗೆ ಎತ್ತುವ ನಿರ್ಣಯವೂ ಹಿಂದಿನ ಸರ್ವಸದಸ್ಯರ ಸಭೆಯಲ್ಲಿಯೇ ಅಂಗೀಕಾರವಾಗಿದ್ದವು. ಕ್ರಯಪತ್ರ ನೋಂದಣಿಯಾದ ಮೇಲೆ ನಮ್ಮ ಹೆಸರಿಗೆ ಬಂದ ಮೊದಲ ಬೇಡಿಕೆ ಪತ್ರ 1,74,000 ರೂಪಾಯಿಯದ್ದಾಗಿತ್ತು. ಮಾರಿದವರು ಫೋನ್ ಎತ್ತುವುದನ್ನು ಅಷ್ಟರಲ್ಲಿ ನಿಲ್ಲಿಸಿದ್ದರು.

ಮೇಂಟೆನೆನ್ಸ್ ಏರಿಕೆಯ ಹೊರೆ ನಾವು ಅಂದಾಜಿಸಿದ್ದಕ್ಕಿಂತ ದೊಡ್ಡದು. ತಿಂಗಳ ಮೇಂಟೆನೆನ್ಸ್ ಸದಸ್ಯರೊಬ್ಬರಿಗೆ 7,500 ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ಇಲ್ಲ; ಅದನ್ನು ದಾಟಿದರೆ ಮತ್ತು ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದರೆ ಶೇಕಡಾ 18ರಷ್ಟು ತೆರಿಗೆ ಬೀಳುತ್ತದೆ. 7,500ನ್ನು ಮೀರಿದ ಭಾಗಕ್ಕಷ್ಟೇ ತೆರಿಗೆಯೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿದೆಯಾದರೂ, ಪೂರ್ಣ ಮೊತ್ತಕ್ಕೆ ತೆರಿಗೆಯೆಂಬ 2019ರ ಸುತ್ತೋಲೆಯನ್ನೇ ನಮ್ಮ ಸಂಘದ ಲೆಕ್ಕಪರಿಶೋಧಕರು ಅನುಸರಿಸುತ್ತಾರೆ. ಹಾಗಾಗಿ 9,425 ರೂಪಾಯಿಗೆ ತೆರಿಗೆ ಸೇರಿ ಈಗ ನಾವು ಕಟ್ಟುತ್ತಿರುವುದು 11,121 ರೂಪಾಯಿ 50 ಪೈಸೆ. ಆ ಐವತ್ತು ಪೈಸೆಯನ್ನೂ ಅವರು ಬಿಡುವುದಿಲ್ಲ.

ಇಷ್ಟೊಂದು ಏಕೆ ಏರಿತೆಂದು ಹಳೆಯ ಲೆಕ್ಕಪತ್ರಗಳನ್ನು ಕೇಳಿ ಪಡೆದು ಓದಿದಾಗ ಕಾರಣ ತಿಳಿಯಿತು. ಮೊದಲ ಖರೀದಿದಾರರಿಂದ ಚದರ ಅಡಿಗೆ 50 ರೂಪಾಯಿಯಂತೆ ಕಾರ್ಪಸ್ ಫಂಡ್, ಅಂದರೆ ಮುಂದಿನ ದೊಡ್ಡ ವೆಚ್ಚಗಳಿಗೆಂದು ಎತ್ತಿಡುವ ಮೂಲನಿಧಿ, ಸಂಗ್ರಹಿಸಿದ್ದ ಬಿಲ್ಡರ್, ಮಾರಾಟವಾಗದೆ ಉಳಿದಿದ್ದ ಮನೆಗಳ ಪಾಲಿನ ವೆಚ್ಚವನ್ನೂ ಅದರಲ್ಲಿಯೇ ಮುರಿದುಕೊಂಡು, ಉಳಿಕೆಯನ್ನು ಸಂಘಕ್ಕೆ ಹಸ್ತಾಂತರಿಸಿರಲಿಲ್ಲ. ಮನೆಗಳಲ್ಲಿ ಹೆಚ್ಚಿನವು ಬುಕ್ ಆದ ಮೂರು ತಿಂಗಳೊಳಗೆ ಮಾಲೀಕರ ಸಂಘ ರಚನೆಯಾಗುವಂತೆ ಬಿಲ್ಡರ್ ನೋಡಿಕೊಳ್ಳಬೇಕು, ಸಾಮಾನ್ಯ ಪ್ರದೇಶಗಳ ಒಡೆತನವನ್ನು ಆ ಸಂಘಕ್ಕೆ ವರ್ಗಾಯಿಸಬೇಕು ಎಂದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುತ್ತದೆ. ಕಟ್ಟಡದ ರಚನಾತ್ಮಕ ದೋಷಗಳಿಗೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಬಿಲ್ಡರನೇ ಹೊಣೆ ಎಂದೂ ಹೇಳುತ್ತದೆ. ಇಲ್ಲಿ ಸಂಘ ಕಟ್ಟುವುದೇ ತಡವಾಗಿ, ಆ ಐದು ವರ್ಷಗಳ ಬಹುಪಾಲು ಬರೀ ಪತ್ರವ್ಯವಹಾರದಲ್ಲಿ ಕಳೆದುಹೋಗಿತ್ತು. ಸಂಘದ ಬಳಿ ಇದ್ದ ಅಲ್ಪಸ್ವಲ್ಪ ಉಳಿತಾಯವನ್ನು 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ನೀರು ನುಂಗಿತು. ಆದ್ದರಿಂದ ಪಂಪು ಕೆಟ್ಟರೂ ತೊಟ್ಟಿ ಸೋರಿದರೂ ಮಾಲೀಕರ ಜೇಬಿಗೇ ಕೈ ಹಾಕುವ ಸ್ಥಿತಿ ಬಂದಿದೆ. ಚದರ ಅಡಿಗೆ 4 ರೂಪಾಯಿ ಎಂಬ ಕಡಿಮೆ ದರವು ಮಿತವ್ಯಯದ ಗುರುತಾಗಿರಲಿಲ್ಲ. ಮಾಡಬೇಕಾದ ದುರಸ್ತಿಗಳನ್ನು ವರ್ಷಗಟ್ಟಲೆ ಮುಂದೂಡಿದ್ದರ ಫಲವಾಗಿತ್ತು. ಹಳೆಯ ಕಟ್ಟಡವೊಂದರಲ್ಲಿ ಮೇಂಟೆನೆನ್ಸ್ ತೀರಾ ಅಗ್ಗವಾಗಿದ್ದರೆ ನಾನೀಗ ಅದನ್ನೇ ಮೊದಲು ಅನುಮಾನಿಸುತ್ತೇನೆ.

ಸಾಲ ಕೊಟ್ಟ ಬ್ಯಾಂಕಿನ ವಕೀಲರು ಎಲ್ಲವನ್ನೂ ಪರಿಶೀಲಿಸಿದ್ದಾರಲ್ಲ ಎಂದು ಕೆಲವರು ಕೇಳುತ್ತಾರೆ. ಅವರು ನೋಡಿದ್ದು ಹಕ್ಕುಪತ್ರಗಳ ಸರಣಿ, ಋಣಭಾರ ಪ್ರಮಾಣಪತ್ರ, ಖಾತಾ ಮತ್ತು ಮಂಜೂರಾದ ನಕ್ಷೆ. ಸಂಘದ ನಡಾವಳಿ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ. ಅದೇ ವೇಳೆ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಬರುವ ಕಟ್ಟಡವಾದರೆ, ಹಿಂದಿನ ಮಾಲೀಕರು ಉಳಿಸಿಹೋದ ಸಾಮಾನ್ಯ ವೆಚ್ಚದ ಬಾಕಿಗೆ ಕೊಂಡವರೂ ಜಂಟಿಯಾಗಿ ಹೊಣೆಯಾಗುತ್ತಾರೆ. ಮಾರಿದವರಿಂದ ಆಮೇಲೆ ವಸೂಲಿ ಮಾಡಿಕೊಳ್ಳಬಹುದೆಂಬ ಮಾತು ಕಾಗದದ ಮೇಲಿದೆ, ಆದರೆ ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಕೊಳ್ಳಬೇಕೋ ಬಾಡಿಗೆಗೇ ಇರಬೇಕೋ ಎಂದು ತೂಗುತ್ತಿರುವವರು ಬಾಡಿಗೆಯನ್ನು ಸಾಲದ ಕಂತಿನೊಂದಿಗೆ ಹೋಲಿಸುವುದನ್ನು ಬಿಡಬೇಕು; ಕಂತಿನಲ್ಲಿ ಅಸಲಿನ ಭಾಗ ನಿಮ್ಮದೇ ಉಳಿತಾಯ. ಹೋಲಿಸಬೇಕಾದದ್ದು ಮರಳಿ ಬಾರದ ಹಣವನ್ನು. 65 ಲಕ್ಷ ಸಾಲಕ್ಕೆ ಶೇಕಡಾ 8.5ರಂತೆ ಮೊದಲ ವರ್ಷ ತಿಂಗಳಿಗೆ ಸುಮಾರು 46,000 ಬಡ್ಡಿ, ಅದಕ್ಕೆ 11,000 ಮೇಂಟೆನೆನ್ಸ್ ಸೇರಿದರೆ 57,000 ಆಗುತ್ತದೆ. ಆಸ್ತಿ ತೆರಿಗೆ ಬೇರೆ. ಅಂಥದೇ ಮನೆಗೆ ನಾವು ಕೊಡುತ್ತಿದ್ದದ್ದು 32,000. ಜೊತೆಗೆ 45 ಲಕ್ಷ ಮೀರಿದ ಮನೆಗೆ ಶೇಕಡಾ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಇಮ್ಮಡಿಯಾಗಿರುವ ಶೇಕಡಾ 2ರ ನೋಂದಣಿ ಶುಲ್ಕ, ಎಲ್ಲ ಸೇರಿ ಶೇಕಡಾ 7.6 ಆಗುತ್ತದೆ. 85 ಲಕ್ಷಕ್ಕೆ ಅದು ಆರು ಲಕ್ಷ ನಲವತ್ತಾರು ಸಾವಿರ. ಬೆಲೆ ಏರುತ್ತದೆಂಬ ವಾದ ಸರಿಯಿರಬಹುದು. ಆದರೆ ವಿಶೇಷ ವಂತಿಗೆಗಳು ಸಾಲಾಗಿ ಬರುವ ಕಟ್ಟಡದ ಬೆಲೆ ಪಕ್ಕದ ಕಟ್ಟಡದಷ್ಟೇ ಏರುತ್ತದೆಂದು ನನಗೆ ಅನ್ನಿಸುವುದಿಲ್ಲ.

ಇಷ್ಟಾದರೂ ಕೊಳ್ಳುವುದೇ ನಿಮ್ಮ ತೀರ್ಮಾನವಾದರೆ, ಮುಂಗಡ ಕೊಡುವ ಮೊದಲೇ ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಯನ್ನೂ ಸರ್ವಸದಸ್ಯರ ಸಭೆಗಳ ನಡಾವಳಿಗಳನ್ನೂ ಮಾರುವವರ ಮೂಲಕವೇ ತರಿಸಿಕೊಳ್ಳಿ. ಸದಸ್ಯರಾದ ಅವರು ಕೇಳಿದರೆ ಸಂಘ ಕೊಡುತ್ತದೆ. ಕಾರ್ಪಸ್ ಯಾರ ಖಾತೆಯಲ್ಲಿದೆ, ಬಿಲ್ಡರ್ ಮೇಲೆ ಮೊಕದ್ದಮೆ ಇದೆಯೇ, ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದನ್ನು ಅವುಗಳಲ್ಲಿ ಹುಡುಕಿ. ನೋಂದಣಿಯ ದಿನದವರೆಗೆ ಅಂಗೀಕಾರವಾದ ಎಲ್ಲ ವಂತಿಗೆಗಳೂ, ಅವುಗಳ ವಸೂಲಿ ಯಾವಾಗಲೇ ಆಗಲಿ, ಮಾರುವವರ ಹೊಣೆ ಎಂದು ಕ್ರಯದ ಕರಾರಿನಲ್ಲಿ ಬರೆಸಿ, ಸಂಘದಿಂದ ಬಾಕಿಯಿಲ್ಲವೆಂಬ ಪತ್ರ ಕೈಸೇರುವವರೆಗೆ ಎರಡು ಮೂರು ಲಕ್ಷ ರೂಪಾಯಿಯನ್ನು ನಿಮ್ಮಲ್ಲಿಯೇ ಹಿಡಿದಿಟ್ಟುಕೊಳ್ಳಿ. ಈ ಷರತ್ತಿಗೆ ಮಾರುವವರು ಒಪ್ಪದಿದ್ದರೆ ಮುಂದಿನ ಮನೆಯನ್ನು ನೋಡಿ.