ಸ್ಪೀಕರ್ ಹ್ಯಾಂಗ್ ಆಯಿತೆಂದು ರಿಪೇರಿಗೆ ಓಡಬೇಡಿ, ಓಡಿದರೂ ಅಡಾಪ್ಟರ್ ಕೊಡಬೇಡಿ

ಕಾಸರಗೋಡು ಪೇಟೆಗೆ ಸ್ಮಾರ್ಟ್ ಸ್ಪೀಕರ್, ಅಂದರೆ ಬಾಯಲ್ಲಿ ಕೇಳಿದರೆ ಉತ್ತರ ಕೊಡುವ ಸ್ಪೀಕರ್, ರಿಪೇರಿಗೆ ಕೊಂಡುಹೋಗುವವರು, ಮುಖ್ಯವಾಗಿ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯಿಂದ ಬಸ್ಸು ಹತ್ತಿ ಹೋಗುವವರು, ಇದನ್ನು ಓದಿ ಹೋಗಿ. 2,200 ರೂಪಾಯಿ ಹೋಯಿತು. ಜೊತೆಗೆ ಬಂದಿದ್ದ ಒಳ್ಳೆಯ ಅಡಾಪ್ಟರ್ ಹೋಯಿತು. ಬದಲಿಸಿದ್ದೇವೆ ಎಂದ ಒಳಗಿನ ಸರ್ಕ್ಯೂಟ್ ಬೋರ್ಡು ಬದಲಾಗಿಯೇ ಇಲ್ಲ. ರೂಟರು, ಐಪಿ ಅಂತ ಬೇರೆಯವರಿಗೆ ಹೇಳಿಕೊಡುವವನೇ ಹೀಗೆ ಟೋಪಿ ಹಾಕಿಸಿಕೊಂಡದ್ದು ಎಂದು ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ತೊಂದರೆ ಇದ್ದದ್ದು ಇಷ್ಟೇ. ಕರೆಂಟು ಹೋಗಿ ಬಂದ ಮೇಲೆ ಸ್ಪೀಕರ್ ಮೂಕ. ಹೆಸರು ಹಿಡಿದು ಕರೆದರೆ ನೀಲಿ ಬೆಳಕು ಬರುತ್ತದೆ, ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ಉತ್ತರ ಇಲ್ಲ. ಪ್ಲಗ್ ಕಿತ್ತು ಹಾಕಿದರೆ ಒಂದು ಗಂಟೆ ಸರಿ, ಮತ್ತೆ ಮೂಕ. ತುಲಾ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ, ಅಂಗಡಿಯವರು ಆಟ ಆಡುವುದೇ ಇದರಲ್ಲಿ. ಕರೆಯುವ ಹೆಸರನ್ನು ಗುರುತಿಸುವ ಕೆಲಸ ಸ್ಪೀಕರಿನ ಒಳಗೇ ನಡೆಯುತ್ತದೆ, ಅದಕ್ಕೆ ನೆಟ್ ಬೇಡ. ಆಮೇಲೆ ನೀವು ಕೇಳಿದ ಪ್ರಶ್ನೆ ಇಂಟರ್ನೆಟ್ ಮೂಲಕ ಸರ್ವರಿಗೆ ಹೋಗಿ ಉತ್ತರ ಬರಬೇಕು. ಹಾಗಾಗಿ ಕರೆದಾಗ ಬೆಳಕು ಬಂದು ಉತ್ತರ ಬಾರದಿದ್ದರೆ ಮೈಕು, ಬೋರ್ಡು ಎಲ್ಲ ಜೀವಂತ ಉಂಟು, ಮೊದಲು ನೋಡಬೇಕಾದದ್ದು ನೆಟ್. ಬೆಳಕೇ ಬಾರದೆ ಬಟನ್ ಒತ್ತಿದರೂ ಅಲ್ಲಾಡದಿದ್ದರೆ ಒಳಗಿನ ಸಾಫ್ಟ್‌ವೇರ್ ಸಿಕ್ಕಿಬಿದ್ದದ್ದು, ಇಲ್ಲವೇ ಪವರ್ ಸಾಲದ್ದು. ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ನೋಡಿ. ಅಮೆಜಾನಿನ ಎಕೋ ಸ್ಪೀಕರಿನಲ್ಲಿ ಕೆಂಪು ಬೆಳಕು ನಿಂತೇ ಇದ್ದರೆ ಯಾರೋ ಮೈಕ್ ಬಟನ್ ಒತ್ತಿದ್ದಾರೆ, ಅಷ್ಟೇ. ಕಿತ್ತಳೆ ಸುತ್ತುತ್ತಿದ್ದರೆ ವೈಫೈ ಹುಡುಕುತ್ತಿದೆ.

ನನ್ನದು ಮೊದಲನೇ ಜಾತಿ. ಬೆಳಕು ಬರುತ್ತಿತ್ತು. ಬೆಳಕು ಬರುತ್ತಿತ್ತು! ಆದರೂ ಕೊಟ್ಟೆ.

ಅಂಗಡಿಯ ಹೆಸರು ಹಾಕುವುದಿಲ್ಲ. ಸ್ಪೀಕರಿನ ಕಂಪೆನಿಯ ತಪ್ಪೂ ಇಲ್ಲ. ಆದರೆ ಅಂಗಡಿಯವರ ಒಂದೊಂದು ಉತ್ತರವನ್ನೂ ಹೇಳಲೇಬೇಕು. ಮೊದಲನೆಯದು: "ನೀವು ಕನ್ನಡದವರಲ್ಲವಾ, ನಿಮ್ಮ ಉಚ್ಚಾರ ಅದಕ್ಕೆ ಹಿಡಿಯುವುದಿಲ್ಲ." ಈ ಸ್ಪೀಕರುಗಳಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಕೇಳಬೇಕು, ನಿಜ. ಆದರೆ ಉಚ್ಚಾರ ಹಿಡಿಯದಿದ್ದರೆ ಬೆಳಕು ಬರುವುದು ಹೇಗೆ ಮಾರಾಯ್ರೇ? ಕಿವಿ ಕೇಳಿದ ಮೇಲಲ್ಲವೇ ಬೆಳಕು? ಆಗಲೇ ಎದ್ದು ಬರಬೇಕಿತ್ತು.

ಎರಡು ದಿನ ಬಿಟ್ಟು ಫೋನ್: "ಬೋರ್ಡ್ ಪೋಯಿ, ಮಾಷೇ." ನಾನು ಮಾಷ್ಟ್ರಲ್ಲ, ಅದಿರಲಿ. ಇಡೀ ಬೋರ್ಡು ಬದಲಿಸಬೇಕು, 1,850. ನೋಡಿದ್ದಕ್ಕೆ 350. ಒಟ್ಟು 2,200. ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತಿತ್ತು, ಅದೂ ಹೊಳೆಯಲಿಲ್ಲ. ಹೂಂ ಅಂದೆ. ಆಮೇಲೆ ಒಂದು ವಾರ ದಿನಾ ನಾಳೆ ಬಾ ಎಂದೇ ಉತ್ತರ, "ನಾಳೆ ವಾ".

ಕೊನೆಗೆ ಕೊಟ್ಟರು. ಅಂಗಡಿಯಲ್ಲಿ ಅವರ ವೈಫೈಯಲ್ಲಿ ಚೆಂದ ಮಾತಾಡಿತು. ಮನೆಗೆ ತಂದು ಹಾಕಿದರೆ ಹೊಸ ರೋಗ! ಮೆಲ್ಲಗೆ ಇಟ್ಟರೆ ಸರಿ. ವಾಲ್ಯೂಮ್ 6 ದಾಟಿತೋ, ಚೆಂಡೆಯ ಪೆಟ್ಟು ಬಿತ್ತೋ, ಟಪ್ ಅಂತ ಆಫ್, ಮತ್ತೆ ತಾನೇ ಆನ್, ಕೆಲವು ಸಲ ಅರ್ಧಕ್ಕೇ ಸಿಕ್ಕಿಬಿದ್ದು ಬಟನ್ನೂ ಕೆಲಸ ಮಾಡುವುದಿಲ್ಲ. ಮೊದಲು ಇಂಥದ್ದು ಇರಲೇ ಇಲ್ಲ.

ಅಡಾಪ್ಟರ್ ತಿರುಗಿಸಿ ನೋಡಿದೆ. ನಮ್ಮದು 12 ವೋಲ್ಟ್ 1.25 ಆಂಪಿಯರ್, ಅಂದರೆ 15 ವಾಟ್. ಕೈಯಲ್ಲಿದ್ದದ್ದು 12 ವೋಲ್ಟ್ 0.5 ಆಂಪಿಯರ್, ಬರೇ 6 ವಾಟ್. ಹಳೇ ರೂಟರಿನ ಅಡಾಪ್ಟರ್. ಪಿನ್ ಒಂದೇ ತರ, ಬಣ್ಣ ಒಂದೇ ತರ, ತೂತಿಗೆ ಸರಿಯಾಗಿ ಕೂರುತ್ತದೆ. ಸ್ಪೀಕರ್ ಸುಮ್ಮನಿದ್ದಾಗ ಎಳೆಯುವ ಕರೆಂಟು ಸ್ವಲ್ಪವೇ, ಅದಕ್ಕೇ ಬೆಳಕು ಬರುತ್ತದೆ, ಮಾತಾಡುತ್ತದೆ. ಜೋರು ಶಬ್ದ ಬಂದಾಗ ಆಂಪ್ಲಿಫೈಯರ್ ಒಮ್ಮೆಲೇ ಎಳೆಯುತ್ತದೆ, ಅಡಾಪ್ಟರ್ ಕೊಡಲಾರದೆ ವೋಲ್ಟೇಜು ಕುಸಿಯುತ್ತದೆ, ಒಳಗಿನ ಪ್ರೊಸೆಸರ್ ಆಫ್ ಆಗುತ್ತದೆ ಅಥವಾ ಅರ್ಧಂಬರ್ಧ ನಿಲ್ಲುತ್ತದೆ.

ಬಸ್ಸು ಹತ್ತಿ ವಾಪಸ್ ಹೋದೆ. ಆಗ ಅವರು ಮಾಡಿದ್ದು ನೋಡಿ. ಮಲ್ಟಿಮೀಟರ್ ತೆಗೆದು ಅಡಾಪ್ಟರಿನ ಪಿನ್ನಿಗೆ ಹಿಡಿದು, "ನೋಡಿ, 12.1 ಉಂಟು, ಎಂಥ ಕುಳಪ್ಪ (ತೊಂದರೆ)?" ಅಂದರು. ಅಂಗಡಿ ತುಂಬ ಜನ. ಎಲ್ಲರೂ ಮೀಟರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಲೋಡು ಇಲ್ಲದೆ ಅಳೆದರೆ ಅರ್ಧ ಆಂಪಿಯರಿನದ್ದೂ 12 ತೋರಿಸುತ್ತದೆ, ಎರಡು ಆಂಪಿಯರಿನದ್ದೂ 12 ತೋರಿಸುತ್ತದೆ! ಸ್ಪೀಕರ್ ಜೋರಾಗಿ ಹಾಡುವಾಗ ಅಳೆಯಬೇಕು. ಇದನ್ನು ಅಲ್ಲಿ ಹೇಳಲಿಕ್ಕೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಬಂತು. "ನೀವು ತಂದ ಅಡಾಪ್ಟರೇ ಇದು" ಎಂದೂ ಹೇಳಿದರು. ಕೊಡುವ ಮೊದಲು ಫೋಟೋ ತೆಗೆದಿರಲಿಲ್ಲ. ಅಲ್ಲಿಗೆ ಮುಗಿಯಿತು.

ಬೋರ್ಡಿನ ಕಥೆ ಇನ್ನೂ ಚೆಂದ. ವೈಫೈ ಇರುವ ಪ್ರತಿಯೊಂದು ಸಾಧನಕ್ಕೆ ಒಂದು ಮ್ಯಾಕ್ ಅಡ್ರೆಸ್ ಇರುತ್ತದೆ. ಸ್ಪೀಕರಿನಲ್ಲಿ ಅದು ಬೋರ್ಡಿನ ಜೊತೆ ಕಾರ್ಖಾನೆಯಲ್ಲೇ ಬರೆದು ಬರುತ್ತದೆ. ರೂಟರಿನ ಸೆಟ್ಟಿಂಗ್ ಪುಟ ತೆರೆದರೆ ಯಾವ ಸಾಧನಕ್ಕೆ ಯಾವ ಅಡ್ರೆಸ್ ಎಂದು ಪಟ್ಟಿ ಉಂಟು. ಹಳೇ ಪಟ್ಟಿಯ ಸ್ಕ್ರೀನ್‌ಶಾಟ್ ಫೋನಲ್ಲಿತ್ತು. ಹೊಸ ಪಟ್ಟಿ ತೆಗೆದು ಪಕ್ಕದಲ್ಲಿಟ್ಟೆ. ಹನ್ನೆರಡಕ್ಕೆ ಹನ್ನೆರಡೂ ಅಂಕಿ ಅಕ್ಷರ ಅದೇ. ಆ್ಯಪಿನಲ್ಲಿ ತೋರಿಸುವ ಸೀರಿಯಲ್ ನಂಬರೂ ಅದೇ. ಬೋರ್ಡು ಅದೇ! ಅವರು ಮಾಡಿದ್ದು ಬರೇ ಫ್ಯಾಕ್ಟರಿ ರಿಸೆಟ್, ಅಂದರೆ ಎಲ್ಲ ಅಳಿಸಿ ಹೊಸದರ ಹಾಗೆ ಮಾಡುವುದು. ಎಕೋ ಡಾಟ್ ಮೂರನೇ ತಲೆಮಾರಿನಿಂದ ಈಚಿನದ್ದಾದರೆ ಚುಕ್ಕೆ ಇರುವ ಬಟನ್ ಅನ್ನು 20ರಿಂದ 25 ಸೆಕೆಂಡ್ ಒತ್ತಿ ಹಿಡಿಯುವುದು, ಗೂಗಲಿನ ನೆಸ್ಟ್ ಮಿನಿಯಾದರೆ ಪಕ್ಕದ ಮೈಕ್ ಸ್ವಿಚ್ ಆಫ್ ಮಾಡಿ ಮೇಲಿನ ನಡುಭಾಗವನ್ನು ಶಬ್ದ ಬರುವವರೆಗೆ, ಸುಮಾರು 15 ಸೆಕೆಂಡ್, ಒತ್ತಿ ಹಿಡಿಯುವುದು. ಇಷ್ಟಕ್ಕೆ 1,850 ರೂಪಾಯಿ. ಸೆಕೆಂಡಿಗೆ ಎಷ್ಟಾಯಿತೆಂದು ಲೆಕ್ಕ ಹಾಕಿ.

ವಾಟ್ಸಾಪಿನಲ್ಲಿ ಎರಡೂ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ: "ಹೊಸ ಬೋರ್ಡಿಗೆ ಸಾಫ್ಟ್‌ವೇರ್ ಹಾಕುವಾಗ ಹಳೇ ನಂಬರು ಕಾಪಿ ಆಗ್ತದೆ." ಸತ್ತ ಬೋರ್ಡಿನಿಂದ ಕಾಪಿ! ಹಾಗಾದರೆ ಹಳೇ ಬೋರ್ಡು ಕೊಡಿ ಎಂದೆ. "ಅದು ಕಂಪೆನಿಗೆ ವಾಪಸ್ ಹೋಯ್ತು." ಯಾವ ಕಂಪೆನಿ, ನೀವು ಅವರ ಸರ್ವಿಸ್ ಸೆಂಟರಾ? "ಅಲ್ಲ, ನಾವು ಕಂಪೆನಿಯವರಲ್ಲ." ಎರಡು ಮೆಸೇಜಿನ ನಡುವೆ ನಾಲ್ಕು ನಿಮಿಷ. ಆಮೇಲೆ, "ಬಿಲ್ಲಿನ ಹಿಂದೆ ಬರೆದಿದೆ, ಎಲೆಕ್ಟ್ರಾನಿಕ್ ಸಾಮಾನಿಗೆ ಗ್ಯಾರಂಟಿ ಇಲ್ಲ." ಬರೆದದ್ದು ಹೌದು, ಮಲಯಾಳದಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಮಾತಾಡುವ ಮಲಯಾಳ ಅರ್ಥವಾಗುತ್ತದೆ, ಓದಲಿಕ್ಕೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ? ಅವರಿಗೂ ಅದು ಗೊತ್ತು.

ಹಾಗಾದರೆ ಮೊದಲಿನ ರೋಗ ಎಂಥದ್ದು? ಸ್ಪೀಕರಿನಲ್ಲಿ ಏನೂ ಇರಲಿಲ್ಲ. ಸಿಸಿಟಿವಿ ಕೂರಿಸಿದವರು ರೆಕಾರ್ಡರಿಗೆ 192.168.1.10 ಎಂದು ಖಾಯಂ ಐಪಿ, ಅಂದರೆ ಮನೆಯ ನೆಟ್ಟಿನಲ್ಲಿ ಅದರ ನಂಬರು, ಕೊಟ್ಟು ಹೋಗಿದ್ದರು. ಆದರೆ ರೂಟರ್ ತಾನೇ ಹಂಚುವ ಐಪಿಗಳು 192.168.1.2ರಿಂದ 254ರವರೆಗೆ. 10 ಅದರೊಳಗೇ ಬಂತು. ಕರೆಂಟು ಬಂದಾಗ ಸ್ಪೀಕರ್ ಒಂದು ನಿಮಿಷದಲ್ಲಿ ಎದ್ದು ಐಪಿ ಕೇಳುತ್ತದೆ. ರೆಕಾರ್ಡರ್ ಹಾರ್ಡ್ ಡಿಸ್ಕ್ ತಿರುಗಿಸಿ ಏಳುವಾಗ ತಡ. ಆಗ 10 ಖಾಲಿ ಇದ್ದ ಹಾಗೆ ಕಾಣುತ್ತದೆ, ರೂಟರ್ ಅದನ್ನೇ ಸ್ಪೀಕರಿಗೆ ಕೊಡುತ್ತದೆ. ಆಮೇಲೆ ರೆಕಾರ್ಡರ್ ಎದ್ದು ತಾನೇ 10 ಎನ್ನುತ್ತದೆ. ಒಂದೇ ನಂಬರಿಗೆ ಇಬ್ಬರು, ಬಂದ ಉತ್ತರ ಯಾರ ಮನೆಗೆ ಹೋಗಬೇಕು? ಸ್ಪೀಕರ್ ಬೆಳಕು ಸುತ್ತಿಸುತ್ತಾ ಕೂರುತ್ತದೆ. ಅಂಗಡಿಯಲ್ಲಿ ರೆಕಾರ್ಡರ್ ಇಲ್ಲ, ಅಲ್ಲಿ ಚೆಂದ ಮಾತಾಡಿತು. ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ) ಪುಟದಲ್ಲಿ ಆರಂಭದ ಐಪಿಯನ್ನು 192.168.1.50 ಎಂದು ಬದಲಿಸಿ ಸೇವ್ ಮಾಡಿ, ರೂಟರನ್ನೂ ಸ್ಪೀಕರನ್ನೂ ಆಫ್ ಮಾಡಿ ಆನ್ ಮಾಡಿದೆ. ಎರಡು ನಿಮಿಷದ ಕೆಲಸ. ಮತ್ತೆ ಒಮ್ಮೆಯೂ ಮೂಕ ಆಗಲಿಲ್ಲ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಇಷ್ಟು ಮಾಡಿ. ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು ಒಂದು ನಿಮಿಷ ಬಿಡಿ. ಕರೆಂಟು ಹೋಗಿ ಬಂದದ್ದಾದರೆ ಮೊದಲು ರೂಟರ್ ಪೂರ್ತಿ ಏಳಲಿ. ಫೈಬರ್ ಮೊಡೆಮ್‌ಗೆ ಕೆಲವು ನಿಮಿಷ ಬೇಕು, ಅದರ ನಂತರ ಸ್ಪೀಕರ್ ಹಾಕಿ. ಆಗಲೂ ಮೂಕವಾದರೆ ಒಂದು ಉಪಾಯ: ರೂಟರ್ ಆಫ್ ಮಾಡಿ, ಫೋನಿನ ಹಾಟ್‌ಸ್ಪಾಟಿಗೆ ನಿಮ್ಮ ಮನೆಯ ವೈಫೈಯ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಡಿ, ಬ್ಯಾಂಡ್ 2.4 ಗಿಗಾಹರ್ಟ್ಸ್ ಇಡಿ. ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಬಾರದು. ಸ್ಪೀಕರ್ ತಾನೇ ಬಂದು ಸೇರಿಕೊಳ್ಳುತ್ತದೆ, ಸೆಟಪ್ ಬೇಡ. ಒಂದು ಸಂಜೆ ಇಡೀ ಹಾಟ್‌ಸ್ಪಾಟಿನಲ್ಲಿ ಸರಿಯಾಗಿ ಮಾತಾಡಿತೋ, ಬೋರ್ಡು ಹೋಗಿದೆ ಎಂದು ಯಾರು ಹೇಳಿದರೂ ನಂಬಬೇಡಿ. ರೂಟರ್ ನೋಡಿ: 2.4ರ ಚಾನಲ್ ಆಟೋ ಬಿಟ್ಟು 1, 6 ಅಥವಾ 11ಕ್ಕೆ ನಿಲ್ಲಿಸಿ, ಖಾಯಂ ಐಪಿ ಕೊಟ್ಟ ಸಾಮಾನು ಯಾವುದಾದರೂ ಉಂಟೋ ಹುಡುಕಿ. ಫ್ಯಾಕ್ಟರಿ ರಿಸೆಟ್ ಕೊನೆಗೆ. ವೈಫೈ, ರೂಟೀನು ಎಲ್ಲ ಹೋಗುತ್ತದೆ, ಮತ್ತೆ ಮೊದಲಿನಿಂದ ಕೂರಿಸಬೇಕು. ಸ್ಪೀಕರನ್ನು ಶೋಕೇಸಿನ ಗಾಜಿನ ಹಿಂದೆ ತುರುಕಬೇಡಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಮಳೆಗಾಲದಲ್ಲಿ ಇರುವೆ ಹೊಕ್ಕುವುದನ್ನೂ ನೋಡಿಕೊಳ್ಳಿ, ಅದು ನಿಜವಾಗಿ ಬೋರ್ಡು ತಿನ್ನುವ ರೋಗ.

ಅಷ್ಟಾದರೂ ಕೊಡಲೇಬೇಕಾದರೆ ಅಡಾಪ್ಟರ್ ಮನೆಯಲ್ಲಿ ಬಿಟ್ಟು ಹೋಗಿ. ಅವರ ಹತ್ತಿರ ಇಲ್ಲವೆಂದರೆ ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಅಡಾಪ್ಟರ್ ಕೊಡಿ. ಎಕೋ ಡಾಟ್ ಮೂರಕ್ಕೆ 12 ವೋಲ್ಟ್ 1.25 ಆಂಪಿಯರ್, ನೆಸ್ಟ್ ಮಿನಿಗೆ 14 ವೋಲ್ಟ್ 1.1, ಹಳೇ ಹೋಮ್ ಮಿನಿಗೆ ಮೈಕ್ರೋ ಯುಎಸ್‌ಬಿ 5 ವೋಲ್ಟ್ 1.8. ಬದಲಿ ಕೊಳ್ಳುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು, ಪಿನ್ನಿನ ಅಳತೆಯೂ ಧ್ರುವವೂ (ಪ್ಲಸ್ ಮೈನಸ್) ಹಳೆಯದರಂತೆ ಇರಬೇಕು. ಮ್ಯಾಕ್ ಅಡ್ರೆಸ್, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಬೋರ್ಡು ಬದಲಿಸಿದರೆ ಹಳೆಯದು ವಾಪಸ್ ಬೇಕೆಂದು ಬಿಲ್ಲಿನಲ್ಲೇ ಬರೆಸಿ. ಚೆಕ್ ಮಾಡಲಿಕ್ಕೆ ಎಂದು ನಿಮ್ಮ ಅಕೌಂಟಿನ ಪಾಸ್‌ವರ್ಡ್ ಕೇಳುತ್ತಾರೆ, ನನ್ನನ್ನೂ ಕೇಳಿದ್ದರು, ಕೊಡಲಿಲ್ಲ. ಮಾಡಿದ ಒಂದೇ ಬುದ್ಧಿವಂತಿಕೆ ಅದು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಅದನ್ನೂ ಬರೆಯುತ್ತಿದ್ದೇನೆ. ಹೊಸ ಅಡಾಪ್ಟರ್ 12 ವೋಲ್ಟ್ 1.5 ಆಂಪಿಯರಿನದ್ದು ಹಾಕಿದ ಮೇಲೆ ವಾಲ್ಯೂಮ್ 10ಕ್ಕಿಟ್ಟರೂ ಆಫ್ ಆಗುವುದಿಲ್ಲ. ಹಳೇ ಅಡಾಪ್ಟರ್ ಕೊಡಿ ಎಂದು ನಿನ್ನೆ ಮತ್ತೆ ಮೆಸೇಜ್ ಹಾಕಿದೆ. ಉತ್ತರ ಬಂತು: "ನೋಕಾಂ (ನೋಡುವ). ನಾಳೆ ವಾ."