ಡಾರಿಕ್ ಕೊಳ್ಳುವುದೋ, ಕಜಾರ್ ತೋಮಾನ್ ಕೊಳ್ಳುವುದೋ?

ಪರ್ಷಿಯಾದ ಚಿನ್ನದ ನಾಣ್ಯಗಳ ಸಂಗ್ರಹಕ್ಕೆ ಕೈಹಾಕುವ ಹೊಸಬರಿಗೆ ನನ್ನ ಸಲಹೆ ಪ್ರಾಚೀನ ಅಕೀಮೆನಿಡ್ ವಂಶದ ಅರಸರ ಡಾರಿಕ್ ಅಲ್ಲ, 19ನೆಯ ಶತಮಾನದ ಕಜಾರ್ ವಂಶದ ದೊರೆ ನಾಸಿರುದ್ದೀನ್ ಶಾಹನ ತೋಮಾನ್. ಕ್ರಿ.ಪೂ. 6ನೆಯ ಶತಮಾನದ ಕೊನೆಯಲ್ಲಿ ಒಂದನೆಯ ದಾರಿಯಸ್‌ನ ಕಾಲಕ್ಕೆ ಆರಂಭವಾದ ಡಾರಿಕ್ ಸುಮಾರು 8.4 ಗ್ರಾಂ ತೂಗುತ್ತದೆ. ಮುಂಬದಿಯಲ್ಲಿ ಬಿಲ್ಲು ಹಿಡಿದು ಮಂಡಿ ಬಾಗಿಸಿ ಓಡುವ ಭಂಗಿಯ ಅರಸನಿದ್ದರೆ, ಹಿಂಬದಿಯಲ್ಲಿರುವುದು ಅಚ್ಚು ಒತ್ತಿದ ಒರಟು ಕುಳಿ ಮಾತ್ರ. ಸಾಮಾನ್ಯವಾಗಿ ಬರಹವೂ ಇಸವಿಯೂ ಇರದ ಕಾರಣ ಅದು ಯಾವ ಅರಸನದೆಂದು ನಿರ್ಧರಿಸುವುದು ಕಷ್ಟ, ನಕಲಿಗಳ ಕಾಟವೂ ಉಂಟು. ಆದ್ದರಿಂದ ಹಿಂದಿನ ಒಡೆತನದ ದಾಖಲೆಯಿಲ್ಲದ ಡಾರಿಕ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ (ಅಗ್ಗಕ್ಕೆ ಸಿಕ್ಕಿತೆಂಬುದೇ ಅನುಮಾನಕ್ಕೆ ಕಾರಣ) ಬಿಡುವುದೇ ಲೇಸು. 1870ರ ದಶಕದ ಕೊನೆಯಿಂದ ಟೆಹರಾನಿನಲ್ಲಿ ಯಂತ್ರದಲ್ಲಿ ಟಂಕಿಸಿದ ತೋಮಾನ್ ತೂಕದಲ್ಲಿ ಕೇವಲ 2.87 ಗ್ರಾಂ ಆದರೂ ಅದರ ಮೇಲಿರುವ ಹಿಜರಿ (ಇಸ್ಲಾಮಿಕ್ ಪಂಚಾಂಗದ) ವರ್ಷದಿಂದ ಸುಲಭವಾಗಿ ಗುರುತಿಸಬಹುದು. ಒಡವೆಗೆಂದು ಕೊಂಡಿ ಬೆಸೆದು ತೆಗೆದ ಗುರುತು ಅಂಚಿನಲ್ಲಿದೆಯೇ ಎಂಬುದನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಿಯೇ ಹಣ ಕೊಡಬೇಕು.